ಬ್ಲೇಡ್ ಮುಗಿದಿದೆ

ಮಾರ್ಚ್ ೩, ಸೋಮವಾರ

ಬೆಳಿಗ್ಗೆಯಿಂದ ಬರೀ ಕತ್ತರಿ ಕೆಲಸ. ಶೇವಿಂಗಿಗೆ ಬಂದವರನ್ನು ಇವತ್ತೂ ವಾಪಸ್ ಕಳಿಸಿದೆ. "ಬ್ಲೇಡ್ ಮುಗಿದಿದೆ, ನಾಳೆ ಬನ್ನಿ." ಕಟಿಂಗ್ ಶಾಪಿನಲ್ಲಿ ಬ್ಲೇಡ್ ಇಲ್ಲ ಅಂದರೆ ಯಾರು ನಂಬುತ್ತಾರೆ? ಎದುರಿನ ಔಷಧಿ ಅಂಗಡಿಯವರು ನಂಬಿಬಿಟ್ಟರು. ಒಂದು ಪ್ಯಾಕೆಟ್ ತಂದುಕೊಟ್ಟು ಹೋದರು, ಪಾಪ.

ಬಲಗೈ ನಡುಕ ನಿಂತಿಲ್ಲ. ಶೇವ್ ಮಾಡುವಾಗ ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಊರಬೇಕು, ಅಪ್ಪ ಕಲಿಸಿದ್ದು. ಈಗ ಊರುವ ಬೆರಳೇ ಕುಣಿಯುತ್ತದೆ. ಮನೆಯಲ್ಲಿ ನನ್ನ ಹೆಂಡತಿ, ಇವಳಿಗೆ ಹೇಳಿಲ್ಲ. ಹೇಳಿದರೆ ಅಂಗಡಿ ಮುಚ್ಚಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾಳೆ. ಅಲ್ಲಿ ಏನು ಹೇಳುತ್ತಾರೋ... ನನಗೆ ಬೇರೆ ಕೆಲಸ ಬರುವುದಿಲ್ಲ.

ಮಾರ್ಚ್ ೫

ಗೂಬೆ ಫೋನ್ ಮಾಡಿದ! ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ದಪ್ಪ ಕನ್ನಡಕ, ಅದಕ್ಕೇ ಆ ಹೆಸರು. ನೋಡಿ ಮೂವತ್ತು ವರ್ಷವಾಗಿರಬೇಕು. ಈ ಊರಿಗೇ ವರ್ಗವಾಗಿ ಬಂದಿದ್ದಾನಂತೆ, ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ. ಖುಷಿಯಲ್ಲಿ "ಶನಿವಾರ ಊಟಕ್ಕೆ ಬಾರೋ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಹೊಳೆಯಿತು. ಊಟ ಅಂದರೆ ಚಮಚ, ಲೋಟ, ಎದುರಿಗೆ ಎರಡು ಕಣ್ಣು. ಅಲ್ಲ, ಅವನವು ನಾಲ್ಕು.

ಮಾರ್ಚ್ ೮, ಶನಿವಾರ, ಮಧ್ಯಾಹ್ನ

ಸೂಪ್ ಅಂತೆ! ಮದುವೆಗೆ ಬಂದ ಪಿಂಗಾಣಿ ಬಟ್ಟಲು ಬೇರೆ ಹೊರಗೆ ತೆಗೆದಿದ್ದಾಳೆ. "ಅವನಿಗೆ ಸೂಪ್ ಇಷ್ಟ ಇಲ್ಲ" ಅಂದೆ. "ಮೂವತ್ತು ವರ್ಷದಿಂದ ನೋಡೇ ಇಲ್ಲ, ಇಷ್ಟ ಇಲ್ಲ ಅಂತ ನಿಮಗೆ ಹೇಗ್ರೀ ಗೊತ್ತು?" ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನೀರು ತುಂಬಿದ ಚಮಚ ಎಡಗೈಯಲ್ಲಿ ಹಿಡಿದು ಪ್ರಾಕ್ಟೀಸ್ ಮಾಡಿದೆ. ಮೂಗಿಗೆ ಹೋಯಿತು.

ಮಾರ್ಚ್ ೯, ಭಾನುವಾರ

ನಿನ್ನೆ ಬಂದ. ತಲೆ ಪೂರ್ತಿ ಬೋಳು — ನನ್ನ ವ್ಯಾಪಾರಕ್ಕೆ ಅವನಿಂದ ಏನೂ ಉಪಯೋಗವಿಲ್ಲ. ಹೊಸ ಶರ್ಟು, ಕಾಲರಿನಲ್ಲಿ ಗುಂಡುಪಿನ್ನು ಹಾಗೇ ಇತ್ತು. ಹೇಳಲೋ ಬೇಡವೋ ಗೊತ್ತಾಗಲಿಲ್ಲ. ಅವನು ಕತ್ತು ತಿರುಗಿಸದೆ ಕೂತ. ನಾನು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಗಣಿತದ ಮೇಷ್ಟ್ರು, ಬೆಲ್ ಹೊಡೆಯುವ ಅಜ್ಜ, ಎಲ್ಲರ ಮಾತೂ ಬೇಗ ಮುಗಿದುಹೋಯಿತು.

"ಮತ್ತೆ?" ಅಂದ.

"ಹೂಂ... ಮತ್ತೆ?" ಅಂದೆ.

"ಸೂಪ್ ಕುಡೀರಿ ಅಣ್ಣ, ಆರೋಗುತ್ತೆ" ಅಂದಳು ಇವಳು. ನನ್ನ ಬಟ್ಟಲನ್ನೂ ನೋಡಿದಳು. "ಬಿಸಿ ಇದೆ" ಅಂದೆ. ಎರಡು ಸಲ ಅಂದೆ.

ಆಗ ಗೂಬೆ, ರೈಲಿನ ವಿಷಯ ಏನೋ ಹೇಳುತ್ತಾ, ಕೈ ಚಾಚಿ ನನ್ನ ತಟ್ಟೆಯ ಹುರಿದ ಆಲೂಗಡ್ಡೆ ಎತ್ತಿ ಬಾಯಿಗೆ ಹಾಕಿಕೊಂಡ! ಸ್ಕೂಲಿನಲ್ಲಿ ಹಾಗೇ. ಅವನ ಡಬ್ಬಿಗೆ ನಾನು, ನನ್ನ ಡಬ್ಬಿಗೆ ಅವನು. ಕೇಳುವ ಪದ್ಧತಿಯೇ ಇರಲಿಲ್ಲ. ಇವಳು ಸೌಟು ಹಿಡಿದು ನಿಂತೇಬಿಟ್ಟಳು. ಅವನು ಕಿವಿಯವರೆಗೂ ಕೆಂಪಾದ. "ಅಯ್ಯೋ, ಸಾರಿ ಅತ್ತಿಗೆ, ಅಭ್ಯಾಸ..." ನನಗೆ ನಗು ತಡೆಯಲಾಗಲಿಲ್ಲ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ನಗುತ್ತಲೇ ಅವನ ತಟ್ಟೆಗೆ ಕೈ ಹಾಕಿದೆ. ಬಲಗೈ. ಮರೆತೇಹೋಗಿತ್ತು.

ಬಟ್ಟಲು ಉರುಳಿತು. ಸೂಪೆಲ್ಲ ಹೊಸ ಶರ್ಟಿನ ಮೇಲೆ.

"ನನ್ನ ಮೊಣಕೈ ತಾಗ್ತು ಅತ್ತಿಗೆ. ನಾನು ಚಿಕ್ಕಂದಿನಿಂದ್ಲೂ ಹೀಗೇ" ಅಂದ, ನನ್ನ ಕೈಯನ್ನೇ ನೋಡುತ್ತಾ.

ಕಳಿಸಲು ಗೇಟಿನವರೆಗೆ ಹೋದೆ.

"ಯಾವಾಗಿಂದ?"

"ಸುಮಾರು ದಿನ ಆಯ್ತು."

"ಅತ್ತಿಗೆಗೆ ಗೊತ್ತಾ?"

"ಇಲ್ಲ."

"ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಒಂದು ವಾರ ಕೊಡೋ."

ಎಡಗೈಯಲ್ಲೇ ಅವನ ಕಾಲರಿನ ಪಿನ್ನು ತೆಗೆದೆ. "ಆಗಲೇ ತೆಗೀಬಾರ್ದಿತ್ತೇನೋ! ಕತ್ತು ಚುಚ್ಚಿ ಚುಚ್ಚಿ ಸಾಕಾಯ್ತು" ಅಂತ ಬೈದ. ಹಿತವಾಯಿತು.

ಮಾರ್ಚ್ ೧೭, ಸೋಮವಾರ

ವಾರ ಕಳೆದರೂ ಇವಳಿಗೆ ಹೇಳಿರಲಿಲ್ಲ. ದಿನಾ ಬಾಯಿವರೆಗೆ ಬಂದು ವಾಪಸ್ ಹೋಗುತ್ತಿತ್ತು.

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಗೂಬೆ ಹಾಜರು. ಕುರ್ಚಿಯಲ್ಲಿ ಕೂತ. "ಶೇವ್ ಮಾಡು." ನೆಪ ಹುಡುಕುವಷ್ಟರಲ್ಲಿ ಕತ್ತಿಗೆ ಟವೆಲ್ ಸುತ್ತಿಕೊಂಡಿದ್ದ. ಸೋಪು ಹಚ್ಚಿದೆ. ರೇಜರ್ ಎತ್ತಿದೆ. ಮಹಾರಾಯ, ಕಣ್ಣು ಮುಚ್ಚಿ ಗಂಟಲು ಒಡ್ಡಿಬಿಟ್ಟ. ನರ ಮಿಡಿಯುವುದು ಕಾಣುತ್ತಿತ್ತು.

ರೇಜರ್ ಕೆಳಗಿಟ್ಟೆ.

"ಆಗಲ್ಲ ಕಣೋ. ಭಯ ಆಗ್ತಿದೆ." ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು.

"ನಂಗೇನು ಭಯ ಆಗ್ತಿರ್ಲಿಲ್ವಾ? ನಡಿ ಮನೆಗೆ."

ಮುಖದ ತುಂಬ ನೊರೆ ಇಟ್ಟುಕೊಂಡೇ ಬೀದಿಯಲ್ಲಿ ನಡೆದ. ಇವಳು ಬಾಗಿಲು ತೆರೆದು ಅವನನ್ನು ನೋಡಿ ನಕ್ಕಳು. ಆಮೇಲೆ ನನ್ನನ್ನು ನೋಡಿದಳು. "ಏನ್ರೀ?" ಬಲಗೈ ಮುಂದೆ ಚಾಚಿದೆ. ಅದು ತನ್ನ ಪಾಡಿಗೆ ನಡುಗಿತು. ಇವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬೈಯಲಿಲ್ಲ, ಅಳಲಿಲ್ಲ. "ಚಪ್ಪಲಿ ಹಾಕ್ಕೊಳ್ಳಿ" ಅಂದಳು.

ಆಸ್ಪತ್ರೆಗೆ ಹೋಗಲು ಗೂಬೆ ಟ್ಯಾಕ್ಸಿ ತರಲು ಹೋಗಿದ್ದಾನೆ. ಇವಳು ಬೀಗ ಹುಡುಕುತ್ತಿದ್ದಾಳೆ. ಭಯ ಹೋಗಿಲ್ಲ. ಆದರೆ ಈಗ ಹೆದರಿಕೊಂಡಿರುವವರು ಮೂವರು, ಅದಕ್ಕೇ ಏನೋ, ನನ್ನ ಪಾಲಿನದು ಸ್ವಲ್ಪ ಕಡಿಮೆ ಆದ ಹಾಗಿದೆ.