ಸಕ್ಕರೆ ಆನೆಯ ಸಾಕ್ಷಿ

ಹೊನವಾಡ

ಸಾರವಾಡದ ಅತ್ತೆಯವರಿಗೆ ನಮಸ್ಕಾರಗಳು.

ಗೌರಿ ಹುಣ್ಣಿಮೆಗೆ ನೀವು ಮನೆಯಲ್ಲೇ ಅಚ್ಚಿಗೆ ಹೊಯ್ದು ಕಳಿಸಿದ ಸಕ್ಕರೆ ಆರತಿಯ ಗೊಂಬೆಗಳು ಮುಟ್ಟಿದವು. ಅವುಗಳಲ್ಲಿದ್ದ ಆನೆಯನ್ನು ನಮ್ಮಜ್ಜಿ ಯಾರಿಗೂ ತಿನ್ನಲು ಕೊಟ್ಟಿಲ್ಲ, ಓಣಿಗೆಲ್ಲ ತೋರಿಸುತ್ತಿದ್ದಾಳೆ. ನಿಶ್ಚಯದ ದಿನ ನಿಮ್ಮ ಮಗ, ನಮ್ಮೂರ ಗುಡಿಯ ಕಂಬದ ಕಲ್ಲಾನೆಗಳನ್ನು ಉಳಿಯಿಂದ ಕೆತ್ತಿದ್ದಾರೆಂದು ಅವಳೊಡನೆ ವಾದಕ್ಕೆ ಬಿದ್ದಿದ್ದರಲ್ಲ?

“ಕಲ್ಲು ಕರಗಿಸಿ ಹಿಂಗs ಅಚ್ಚಿನ್ಯಾಗ ಹೊಯ್ದಾರ. ಅಳಿಯನ ಅವ್ವನs ಸಾಕ್ಷಿ ಕಳಿಸ್ಯಾಳ ನೋಡ,” ಅನ್ನುತ್ತಾಳೆ.

ಈಗ ನಿಮ್ಮ ಕಟ್ಟಿಗೆಯ ಅಚ್ಚನ್ನೂ ನೋಡಬೇಕಂತೆ. ಅದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಬೇಡಿ, ನಿಮ್ಮ ಮಗನ ಕೈಯಲ್ಲೇ ಕಳಿಸಿ. ಅಚ್ಚನ್ನಾದರೂ ಯಾರೋ ಕೆತ್ತಲೇಬೇಕಲ್ಲ ಎಂದುಬಿಟ್ಟರೆ ಅಜ್ಜಿಯ ವಾದ ಮುಗಿಯುತ್ತದೆ. ನಾನು ಅಂದಿಲ್ಲ. ಅವರೇ ಬಂದು ಅನ್ನಲಿ.

ನಿಮ್ಮ ಸೊಸೆಯಾಗಲಿರುವ
ಮಹಾನಂದಾ