ಹೇಗ್‌ನ ಹಿತ್ತಲ ಗಲ್ಲಿಯಲ್ಲಿ ಅತ್ತೆ ತಿಂದ ದೋಸೆ

ಆಮ್ಸ್ಟೆಲ್‌ವೀನ್
೨೨ ಅಕ್ಟೋಬರ್ ೨೦೨೪

ಪ್ರೀತಿಯ ಅನು,

ನಿನ್ನ ಅಷ್ಟೂ ಮೆಸೇಜುಗಳಿಗೆ ಬರೀ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದ ಅಕ್ಕನ ಮೇಲೆ ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಯಾರ ಜೊತೆ ಏನು ಮಾತಾಡಿದರೂ ತಮ್ಮ ಬಗ್ಗೆಯೇ ಅಂದುಕೊಳ್ಳುತ್ತಾರೆ. ಅದಕ್ಕೇ ಆಫೀಸಿನಿಂದ ಬರುವ ಟ್ರಾಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಓಲಾಡಿದ್ದರೆ ಟ್ರಾಮನ್ನು ಬೈದುಕೋ.

ಅತ್ತೆಯ ಮರೆವು ಹೆಚ್ಚಾಗಿದೆ. ಮಾವ ತೀರಿಕೊಂಡ ಮೇಲೆ ಸ್ವಲ್ಪ ದಿನ ಮಗನ ಮನೆಯಲ್ಲಿರಲಿ ಎಂದು ಆಗಸ್ಟಿನಲ್ಲಿ ಕರೆಸಿಕೊಂಡೆವಲ್ಲ, ಆಗ ಕನ್ನಡಕ ಎಲ್ಲಿಟ್ಟೆ ಎನ್ನುವಷ್ಟೇ ಇತ್ತು. ಈಗ ಸ್ನಾನ ಮಾಡಿದ್ದೂ ನೆನಪಿರುವುದಿಲ್ಲ. ತಟ್ಟೆಯ ಮುಂದೆ ಕೂತರೆ ಎರಡು ತುತ್ತು, ಅಷ್ಟೇ. ಸಾರು ಮಾಡಿದರೂ ಇಲ್ಲ, ಮೊಸರನ್ನ ಕಲಸಿದರೂ ಇಲ್ಲ. ಅರವಿಂದ "ನೀನ್ ಇದ್ದೀಯಲ್ಲ, ನಂಗೇನ್ ಟೆನ್ಶನ್" ಎಂದು ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಜ್ಜಿ ಜೊತೆ ಅರ್ಧ ಗಂಟೆ ಕೂರೋ ಎಂದರೆ ಚಿರಾಗ್ "ಸ್ಟ್ರಾಕ್ಸ್, ಮಾಮ್" ಎನ್ನುತ್ತಾನೆ. ಆಮೇಲೆ ಎಂದರ್ಥ, ಆ ಆಮೇಲೆ ಬರುವುದೇ ಇಲ್ಲ. ನಾದಿನಿ ಸರಳಾ ಭಾನುವಾರ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿ, "ಅಮ್ಮ ತುಂಬಾ ಇಳ್ದೋಗಿದ್ದಾಳಲ್ಲ ಅತ್ತಿಗೆ" ಎನ್ನುತ್ತಾಳೆ. ತಪ್ಪು ಹುಡುಕುತ್ತಿಲ್ಲ ಅವಳು, ಗೊತ್ತು. ಆದರೂ ಸುಸ್ತಾಗುತ್ತದೆ ಅನು. ಮಲಗಿ ಎದ್ದರೂ ಹೋಗದ ಸುಸ್ತು.

ಇರಲಿ, ಒಂದು ಒಳ್ಳೆಯ ಸುದ್ದಿಯೂ ಇದೆ.

ಕಳೆದ ಶುಕ್ರವಾರ ನನ್ನ ಪಾಸ್‌ಪೋರ್ಟ್ ಕೆಲಸಕ್ಕೆ ಹೇಗ್‌ಗೆ ಹೋಗಬೇಕಿತ್ತು. ಅರವಿಂದ ಮನೆಯಿಂದ ಕೆಲಸ ಮಾಡುವ ದಿನವಲ್ಲ ಅದು; ಅತ್ತೆಯನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ, ಜೊತೆಗೆ ಕರೆದುಕೊಂಡು ಹೋದೆ. ಕೆಲಸ ಬೇಗ ಮುಗಿಯಿತು. ಹೊರಗೆ ಜಿಟಿಜಿಟಿ ಮಳೆ. ಸ್ಟೇಷನ್ನಿಗೆ ಅಡ್ಡದಾರಿ ಹಿಡಿಯಲು ಹೋಗಿ ದಾರಿ ತಪ್ಪಿತು. ಕೆಂಪು ಚೀನೀ ಕಮಾನೊಂದನ್ನು ದಾಟಿ ಹಿತ್ತಲ ಗಲ್ಲಿಗಳಲ್ಲಿ ಅಲೆದೆವು. ಒರಗಿಸಿಟ್ಟ ಸೈಕಲ್ಲುಗಳು, ಕಸದ ಡಬ್ಬಗಳು, ಹೋಟೆಲುಗಳ ಹಿಂಬಾಗಿಲು. ನನಗೆ ಅಳು ಬರುವುದೊಂದು ಬಾಕಿ. ಆಗ ಅತ್ತೆ ಗಕ್ಕನೆ ನಿಂತರು.

ಗೋಡೆಯಲ್ಲಿ ಕಿಟಕಿಯಷ್ಟೇ ಅಗಲದ ಒಂದು ಅಂಗಡಿ. ಒಳಗೆ ಅತ್ತೆಯದೇ ವಯಸ್ಸಿನ ಚೀನೀ ಹೆಂಗಸು ದುಂಡನೆಯ ಕಾವಲಿಯ ಮೇಲೆ ಹಿಟ್ಟು ಹೊಯ್ದು, ಮರದ ಪಟ್ಟಿಯಿಂದ ಸರ್ರನೆ ಹರಡುತ್ತಿದ್ದರು.

"ಅಯ್ಯೋ, ದೋಸೆ ಕಣೇ!" ಎಂದರು ಅತ್ತೆ.

ಇವರು ಎಂಥವರೆಂದು ನಿನಗೆ ಗೊತ್ತಲ್ಲ. ಬೇರೆ ಜಾತಿಯವಳೆಂದು, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬೇರೆ ಒಲೆ ಹೂಡಿ ಬೇಯಿಸಿಕೊಂಡವರು. ಹೋಟೆಲಿನ ಕಾಫಿಯನ್ನೂ ಮುಟ್ಟದವರು. "ಅದ್ರಲ್ಲಿ ಮೊಟ್ಟೆ ಹಾಕ್ತಾರೆ, ಬನ್ನಿ ಅತ್ತೆ" ಎಂದು ಕೈ ಹಿಡಿದು ಎಳೆದೆ. ಕದಲಲಿಲ್ಲ. ಅಂಗಡಿಯಾಕೆ ನಮ್ಮಿಬ್ಬರ ಮುಖ ನೋಡಿ, ಕೈಯಲ್ಲಿದ್ದ ಮೊಟ್ಟೆಯನ್ನು ಪಕ್ಕಕ್ಕಿಟ್ಟು, ಅರೆಬರೆ ಡಚ್‌ನಲ್ಲಿ "ಝೊಂಡರ್ ಐ?" ಎಂದರು, ಮೊಟ್ಟೆ ಬೇಡವೇ ಎಂದು. ನಾನು ತಲೆಯಾಡಿಸಿದೆ. ಕಾವಲಿಯನ್ನು ಚೆನ್ನಾಗಿ ಒರೆಸಿ ಹೊಸದಾಗಿ ಹೊಯ್ದರು. ಹೆಸರುಕಾಳಿನ ಹಿಟ್ಟು, ಮೇಲೆ ಎಳ್ಳು, ಕೊತ್ತಂಬರಿ, ಕಪ್ಪನೆಯ ಗೊಜ್ಜಿನಂಥದ್ದು, ನಡುವೆ ಹಪ್ಪಳದ ಹಾಗೆ ಗರಿಗರಿಯಾದ ಒಂದು ಹಾಳೆ.

"ಹಿಟ್ಟು ಇನ್ನೊಂಚೂರು ತೆಳ್ಳಗಿರ್ಬೇಕಿತ್ತಮ್ಮ," ಎಂದು ಅತ್ತೆ ಕನ್ನಡದಲ್ಲೇ ಬುದ್ಧಿ ಹೇಳಿದರು. ಆಕೆ ತಮ್ಮ ಭಾಷೆಯಲ್ಲಿ ಏನೋ ಉತ್ತರ ಕೊಟ್ಟರು. ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು.

ಇಡೀ ದೋಸೆ ತಿಂದರು ಅನು! ಆಮೇಲೆ ಬಿದಿರಿನ ಬುಟ್ಟಿಯಿಂದ ಹಬೆಯಾಡುವ ಬಿಳಿ ಬನ್ನು ಬಂತು, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಅದನ್ನು ಮುರಿದು, ಊದಿ, "ಆ ಅನ್ನು, ಬಿಸಿ ಇದೆ" ಎಂದು ನನ್ನ ಬಾಯಿಗಿಟ್ಟರು. ನನಗೆ! ಸೂರಿನ ಕೆಳಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನನ್ನ ತೋಳು ಹಿಡಿದು ಕೂತು, ಮಾವ ಇವರಿಗೆ ಸೈಕಲ್ ಕಲಿಸಲು ಹೋಗಿ ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯಿಂದ ಉರುಳಿದ ಕಥೆ ಹೇಳಿದರು. ಇಷ್ಟು ವರ್ಷದಲ್ಲಿ ಅದನ್ನು ನಾನು ಕೇಳಿಯೇ ಇರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಾಪಸು ರೈಲಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆಹೋದರು.

ರಾತ್ರಿ ಮನೆಯಲ್ಲಿ ಇದನ್ನೆಲ್ಲ ಹೇಳಿದರೆ, "ನೋಡ್ದ್ಯಾ, ನಿನ್ ಜೊತೆ ಅಮ್ಮ ಎಷ್ಟ್ ಚೆನ್ನಾಗಿ ಹೊಂದ್ಕೊಂಡಿದ್ದಾಳೆ" ಎಂದರು ಅರವಿಂದ. ಚಿರಾಗ್ ಫೋನಿನಿಂದ ತಲೆಯೆತ್ತಿ "ಅಜ್ಜಿ? ಸ್ಟ್ರೀಟ್ ಫುಡ್? ಸೀರಿಯಸ್ಲಿ?" ಎಂದ. ಮಾರನೆಯ ದಿನ ಉತ್ಸಾಹದಿಂದ ಹೆಸರುಕಾಳು ನೆನೆಸಿ, ರುಬ್ಬಿ, ಪೇಪರಿನಷ್ಟು ತೆಳ್ಳಗೆ ದೋಸೆ ಹೊಯ್ದೆ. ಎರಡು ತುತ್ತಿಗೆ ತಟ್ಟೆ ಸರಿಸಿದರು.

ನವೆಂಬರಿನಲ್ಲಿ ವೀಸಾ ಮುಗಿಯುತ್ತದೆ, ಮೈಸೂರಿಗೆ ಸರಳಾಳ ಹತ್ತಿರ ಹೋಗುತ್ತಾರೆ. ಅಷ್ಟರಲ್ಲಿ ಇನ್ನೊಮ್ಮೆ ಆ ಗಲ್ಲಿಗೆ ಕರೆದುಕೊಂಡು ಹೋಗಬೇಕು ಎಂದುಕೊಂಡಿದ್ದೇನೆ.

ನನ್ನ ಸ್ಟಾಪು ಬಂತು. ಇಂಚರಾಳಿಗೆ ಪರೀಕ್ಷೆಯ ಭಯ ತಟ್ಟದಿರಲಿ, ನಿನ್ನ ಬೆನ್ನುನೋವು ಕಡಿಮೆಯಾಗಲಿ, ನಿಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ನಗುನಗುತ್ತಾ ಇರಿ.

ನಿನ್ನ ಅಕ್ಕ,
ಪ್ರಭಾ

ತಾ.ಕ.: ಟ್ರಾಮ್ ಇಳಿದವಳು ಮನೆಗೆ ಹೋಗದೆ ಸ್ಟಾಪಿನಲ್ಲೇ ಕೂತಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದು ಮಾತು ಬಿಟ್ಟಿದ್ದೆ. ಆ ದಿನ ಗಲ್ಲಿಯಲ್ಲಿ ಅತ್ತೆ ನನ್ನನ್ನು ಸರಳಾ ಎಂದುಕೊಂಡಿದ್ದರು. ನನಗೆ ಮೊದಲು ಗೊತ್ತಾಗಲಿಲ್ಲ. ಬನ್ನು ತಿನ್ನಿಸಿ, ಸೆರಗಿನಿಂದ ನನ್ನ ಬಾಯಿ ಒರೆಸಿ, ಸುತ್ತ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು, "ಸರಳಾ, ಪ್ರಭಾ ಎಲ್ಲೇ?"

"ಮನೇಲಿದ್ದಾಳಮ್ಮ" ಎಂದೆ.

"ಇರ್ಲಿ ಬಿಡು. ಪಾಪ, ತುಂಬಾ ಮಾಡ್ತಾಳೆ. ಆದ್ರೆ ಅವಳು ಎದುರಿಗಿದ್ರೆ ನಂಗೆ ಗಂಟ್ಲಲ್ಲಿ ತುತ್ತು ಇಳಿಯಲ್ಲ ಕಣೇ" ಎಂದು ಉಳಿದ ಅರ್ಧ ಬನ್ನನ್ನೂ ನನ್ನ ಕೈಗಿಟ್ಟರು.

ತಿಂದೆ ಅನು. ಚೆನ್ನಾಗಿಯೇ ಇತ್ತು.