ನಮ್ಮೂರಿನ ಗೋಲು

ನವೆಂಬರ್ ೧೭, ಭಾನುವಾರ

ಆ ಗೋಲಿಗೆ ನಾನು ಎದ್ದು ನಿಲ್ಲಬೇಕಿತ್ತು. ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ.

ನಮ್ಮೂರಿನ ಫುಟ್‌ಬಾಲ್ ತಂಡ ಇಷ್ಟು ದೂರ, ನಾನೀಗ ಇರುವ ಈ ಊರಿಗೆ ಬಂದು ಆಡಿದ್ದು ಇದೇ ಮೊದಲು. ನಾನು ಆಗಾಗ ಹೋಗುವ ಪುಸ್ತಕದಂಗಡಿಯ ಕ್ಯಾಷಿಯರಮ್ಮ ತಾವೇ ಟಿಕೆಟ್ ತಂದು, ನನ್ನನ್ನು ಕರೆದುಕೊಂಡು ಹೋಗಿ, ಇಲ್ಲಿಯವರ ನಡುವೆ ಕೂರಿಸಿದರು. ನಾನು ಯಾವ ಊರಿನವಳೆಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನಮ್ಮ ತಂಡದ ಕುಳ್ಳ ಹುಡುಗನೊಬ್ಬ ಎಡಗಾಲಿನಲ್ಲಿ ಚೆಂಡನ್ನು ಬಲೆಗೆ ಸೇರಿಸಿದಾಗ ಸುತ್ತಲಿದ್ದವರೆಲ್ಲ ತಲೆಯ ಮೇಲೆ ಕೈ ಹೊತ್ತರು. ನಾನು ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡೆ. ಕಣ್ಣು ಮಾತ್ರ ಮಾತು ಕೇಳದೆ ತುಂಬಿಕೊಂಡಿತು.

“ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರೇನೇ?” ಎಂದು ಅವರು ಬೆನ್ನು ಸವರಿದರು. “ಇನ್ನೂ ಅರ್ಧ ಆಟ ಬಾಕಿ ಇದೆ. ಆ ಕುಳ್ಳನ ಕಾಲಿಗೆ ನನ್ನ ಕಣ್ಣು ತಾಗಿದೆ, ನೋಡ್ತಿರು.”

ನಗು ಬಂತು. ಅದನ್ನೂ ನುಂಗಿದೆ.

ಅವರ ಕಣ್ಣು ಕೆಲಸ ಮಾಡಲಿಲ್ಲ, ಗೆದ್ದೆವು. ಬಸ್ಸಿನುದ್ದಕ್ಕೂ ಅವರು ನನ್ನನ್ನು ಸಮಾಧಾನ ಮಾಡುತ್ತಲೇ ಬಂದರು.

ಕೋಣೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಣ್ಣನೂ ಎತ್ತಲಿಲ್ಲ. ಊರಿಗೆ ಊರೇ ಬೀದಿಗಿಳಿದು ಕುಣಿಯುತ್ತಿರಬೇಕು, ಆ ಗಲಾಟೆಯಲ್ಲಿ ಯಾರಿಗೆ ಕೇಳಿಸೀತು.

ಗೆದ್ದೆವು ಎಂದು ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. ಇಲ್ಲಿ ನನಗೆ ಅಷ್ಟು ಬೇಕಾದವರು ಕ್ಯಾಷಿಯರಮ್ಮ ಒಬ್ಬರೇ.